ಬಾಕಿಗೆ ನಂಬಿಕೆಯ ಹೆಸರು ಬೇಡ

ತಮಿಳುನಾಡಿನ ತೇನಿ, ಬೋಡಿನಾಯಕನೂರು, ಕಂಬಂ, ದಿಂಡಿಗಲ್ ಕಡೆ ಸ್ವಂತ ದುಡಿಮೆ ನಂಬಿ ಬದುಕುವ ಯಾರನ್ನಾದರೂ ಕೇಳಿ ನೋಡಿ. ಮೋಟಾರು ರಿಪೇರಿಯವರು, ಬಾಡಿಗೆ ಜೀಪಿನವರು, ಕೂಲಿಗೆ ನೇಯುವವರು, ಷೆಡ್ಡಿಗೆ ವೆಲ್ಡಿಂಗ್ ಮಾಡುವವರು, ಲೆಕ್ಕ ಬರೆದುಕೊಡುವವರು, ಯಾರಾದರೂ ಆಗಲಿ. ಕೆಲಸ ಮುಗಿದ ಮೇಲೆ ದುಡ್ಡು ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಎಂದು ಕೇಳಿದರೆ ಒಬ್ಬರೂ ದಿನದ ಲೆಕ್ಕ ಹೇಳುವುದಿಲ್ಲ. ಬರುತ್ತದೆ ಎನ್ನುತ್ತಾರೆ. ಕೊಡಬೇಕಾದವರ ಕಡೆಯಿಂದ ಕೇಳಿಬರುವುದೂ ಒಂದೇ ಮಾತು: ‘ಅಡುತ್ತ ವಾರಂ ಪಾಕ್ಕಲಾಂ’, ಮುಂದಿನ ವಾರ ನೋಡೋಣ. ಆ ಮುಂದಿನ ವಾರಕ್ಕೆ ಇನ್ನೊಂದು ಮುಂದಿನ ವಾರ ಸೇರುತ್ತದೆ, ಹಬ್ಬ ಬರುತ್ತದೆ, ಮಳೆಗಾಲ ಬರುತ್ತದೆ, ಮಗುವಿನ ಶಾಲೆಯ ಫೀಸಿನ ಗಡುವು ಬಂದು ಹೋಗುತ್ತದೆ.

ಇದನ್ನೆಲ್ಲ ನೋಡಿಯೂ ನಮ್ಮ ನಡುವೆ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತಿದೆ. ವ್ಯಾಪಾರ ಎಂದರೆ ಉದ್ದರಿ, ಉದ್ದರಿ ಎಂದರೆ ನಂಬಿಕೆ, ನಂಬಿಕೆ ಇದ್ದ ಕಡೆ ದಿನ ಎಣಿಸಬಾರದು. ಎಲ್ಲರೂ ಕಾಯುತ್ತಾರೆ, ನೀನೂ ಕಾಯಿ. ಗಟ್ಟಿಯಾಗಿ ಕೇಳಿದರೆ ಗಿರಾಕಿ ಕೈತಪ್ಪುತ್ತಾನೆ. ಸ್ವಲ್ಪ ಅನುಸರಿಸಿಕೊಂಡು ಹೋದರೆ ಹತ್ತು ವರ್ಷದ ಕೆಲಸ ಉಳಿಯುತ್ತದೆ. ಹಿರಿಯರು ಹೀಗೆ ಹೇಳುತ್ತಾರೆ, ಆಡಿಟರುಗಳು ಹೇಳುತ್ತಾರೆ, ಬಾಕಿಗಾಗಿ ಅಲೆದು ಸುಸ್ತಾದವರು ತಮ್ಮ ಮಕ್ಕಳಿಗೂ ಇದನ್ನೇ ಬುದ್ಧಿವಾದವಾಗಿ ಹೇಳುತ್ತಾರೆ. ಈ ಅಭಿಪ್ರಾಯ ತಪ್ಪು ಎಂದು ವಾದಿಸುವುದಕ್ಕಾಗಿಯೇ ಈ ಲೇಖನ. ಮುಗಿದ ಕೆಲಸದ ಹಣವನ್ನು ತಡೆದಿಟ್ಟುಕೊಳ್ಳುವುದಕ್ಕೆ ನಂಬಿಕೆಯೊಡನೆ ಯಾವ ಸಂಬಂಧವೂ ಇಲ್ಲ. ಅದು ಕೇಳದೆ ತೆಗೆದುಕೊಂಡ ಸಾಲ. ಬಡ್ಡಿಯಿಲ್ಲದ, ಪತ್ರವಿಲ್ಲದ, ಗಡುವಿಲ್ಲದ ಆ ಸಾಲವನ್ನು ಬಲವಿರುವವನು ಬಲವಿಲ್ಲದವನಿಂದ ಎತ್ತುತ್ತಾನೆ.

ಕಂಬಂ ಕಣಿವೆಯಲ್ಲಿ ಏಲಕ್ಕಿಯ ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ತೋಟಗಳು ಹೆಚ್ಚಿನವು ಘಟ್ಟದ ಮೇಲೆ, ಕೇರಳದ ಇಡುಕ್ಕಿ ಜಿಲ್ಲೆಯ ವಂಡನ್‌ಮೇಡು, ಉಡುಂಬನ್‌ಚೋಲದ ಸುತ್ತ. ವ್ಯಾಪಾರ, ಗೋದಾಮು, ಆಳು, ರಿಪೇರಿಯ ಕೈಗಳು ಬಹುಪಾಲು ಘಟ್ಟದ ಕೆಳಗೆ, ಬೋಡಿ ಮತ್ತು ಕಂಬಂನಲ್ಲಿ. ಕೊಯ್ದ ಹಸಿ ಏಲಕ್ಕಿಯನ್ನು ಬೇಗ ಒಣಗಿಸದಿದ್ದರೆ ಹಸಿರು ಬಣ್ಣ ಹೋಗುತ್ತದೆ. ಬಣ್ಣ ಹೋದರೆ ಬೆಲೆ ಹೋಯಿತು. ಆದ್ದರಿಂದ ಕೊಯ್ಲಿನ ಕಾಲದಲ್ಲಿ ಡ್ರೈಯರ್ ಕೆಟ್ಟರೆ ಮೆಕ್ಯಾನಿಕ್ಕಿಗೆ ರಾತ್ರಿ ಹನ್ನೊಂದಕ್ಕೂ ಫೋನು ಬರುತ್ತದೆ. ಅವನು ಬ್ಲೋವರ್ ಮೋಟಾರಿನ ಬೇರಿಂಗನ್ನೋ ಥರ್ಮೋಸ್ಟಾಟನ್ನೋ ಅಂಗಡಿಯವನ ಮನೆ ಬಾಗಿಲು ಬಡಿದು ತಂದು, ಬೈಕಿನ ಹಿಂದೆ ಕಟ್ಟಿಕೊಂಡು, ಮಂಜಿನಲ್ಲಿ ತಿರುವು ಹತ್ತಿ, ಬೆಳಗಾಗುವ ಮೊದಲು ಒಲೆಗೆ ಜೀವ ಕೊಡಬೇಕು. ಆ ರಾತ್ರಿ ಒಂದೊಂದು ಗಂಟೆಗೂ ಬೆಲೆಯಿದೆ ಎಂಬುದು ಎಲ್ಲರಿಗೂ ಗೊತ್ತು. ‘ನಾಳೆ ನೋಡೋಣ’ ಎಂದು ಮೆಕ್ಯಾನಿಕ್ ಹೇಳಿದರೆ ಅದನ್ನು ಯಾರೂ ಸಹಿಸುವುದಿಲ್ಲ. ಬೆಳಿಗ್ಗೆ ಅವನು ಕಾರ್ಬನ್ ಹಾಳೆಯಿಟ್ಟು ಬರೆದ ಬಿಲ್ಲನ್ನು ಹರಿದು ಕೊಡುತ್ತಾನೆ. ಆ ಕ್ಷಣದಿಂದ ಗಂಟೆಗೂ ಬೆಲೆಯಿಲ್ಲ, ತಿಂಗಳಿಗೂ ಬೆಲೆಯಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಬಿಲ್ಲನ್ನು ಮೊಳೆಗೆ ಚುಚ್ಚಿಡುತ್ತಾನೆ. ಮೊದಲಾಳಿ, ಎಂದರೆ ತೋಟದ ಯಜಮಾನ, ಬರಬೇಕು, ಕಾಯಿ ಹರಾಜಿಗೆ ಹೋಗಬೇಕು, ಹರಾಜಿನ ದುಡ್ಡು ಬರಬೇಕು, ಆಮೇಲೆ ನೋಡಬೇಕು.

ಲೆಕ್ಕ ಹಾಕಿ ನೋಡೋಣ. ಬಿಲ್ಲು 20,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ 12,000 ಬಿಡಿಭಾಗಗಳ ದುಡ್ಡು, 8,000 ಅವನ ಕೂಲಿ. ಬಿಡಿಭಾಗದ ಅಂಗಡಿಯವನು ನಾಲ್ಕು ತಿಂಗಳು ಸುಮ್ಮನಿರುವುದಿಲ್ಲ, ಆದ್ದರಿಂದ ಮೆಕ್ಯಾನಿಕ್ 12,000ವನ್ನು ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಗೆ ಎತ್ತಿದ. ನಾಲ್ಕು ತಿಂಗಳಿಗೆ ಬಡ್ಡಿಯೇ 2,400. ಅವನ 8,000ದ ಕೂಲಿ 5,600ಕ್ಕೆ ಇಳಿಯಿತು. ಯಾರೂ ಅವನ ಕೂಲಿ ಕಡಿಮೆ ಮಾಡಲಿಲ್ಲ, ಚೌಕಾಸಿ ನಡೆಯಲಿಲ್ಲ, ಬಿಲ್ಲಿನ ಮೊತ್ತ ಅಷ್ಟೇ ಇದೆ. ಬರೀ ತಡದಿಂದಲೇ ನೂರಕ್ಕೆ ಮೂವತ್ತು ಹೋಯಿತು. ಈ ಬಡ್ಡಿಯನ್ನು ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ. ಕರ್ನಾಟಕದಲ್ಲಿ ಮೀಟರ್ ಬಡ್ಡಿ ಎನ್ನುವುದನ್ನು ತಮಿಳುನಾಡಿನಲ್ಲಿ ಕಂದುವಟ್ಟಿ ಎನ್ನುತ್ತಾರೆ. ಅದನ್ನು ತಡೆಯಲೆಂದೇ ಆ ರಾಜ್ಯ 2003ರಲ್ಲಿ ವಿಪರೀತ ಬಡ್ಡಿ ನಿಷೇಧ ಕಾಯ್ದೆ ಮಾಡಬೇಕಾಯಿತು. ಕಂದುವಟ್ಟಿಯವನನ್ನು ಎಲ್ಲರೂ ಬೈಯುತ್ತೇವೆ, ಬೈಯಲೇಬೇಕು. ಆದರೆ ಒಬ್ಬ ದುಡಿಯುವ ಮನುಷ್ಯ ಅವನ ಬಾಗಿಲಿಗೆ ಹೋದದ್ದು ಏಕೆ? ಎಷ್ಟೋ ಸಲ ಅವನ ಜೇಬಿಗೆ ಬರಬೇಕಾದ ದುಡ್ಡು ಮರ್ಯಾದಸ್ಥರೊಬ್ಬರ ಮೇಜಿನ ಮೇಲೆ ಬಿಲ್ಲಿನ ರೂಪದಲ್ಲಿ ಬಿದ್ದಿರುತ್ತದೆ. ಆ ಮರ್ಯಾದಸ್ಥರನ್ನು ಯಾರೂ ಏನೂ ಅನ್ನುವುದಿಲ್ಲ.

ಆಂಡಿಪಟ್ಟಿಯ ಹತ್ತಿರ ಟಿ. ಸುಬ್ಬುಲಾಪುರಂ, ಸಕ್ಕಂಪಟ್ಟಿಯ ಮಗ್ಗದವರು ಕೂಲಿ ಏರಿಕೆಗಾಗಿ ಮಗ್ಗ ನಿಲ್ಲಿಸಿ ಮುಷ್ಕರ ಹೂಡಿದ್ದು ಹಲವು ಸಲ. ದರಕ್ಕಾಗಿ ಮುಷ್ಕರ ನಡೆಯುತ್ತದೆ, ಮಾತುಕತೆ ನಡೆಯುತ್ತದೆ, ಒಪ್ಪಂದವಾಗುತ್ತದೆ. ದಿನಾಂಕಕ್ಕಾಗಿ ಮುಷ್ಕರ ನಡೆದದ್ದನ್ನು ನಾನು ಕೇಳಿಲ್ಲ. ನೂರಕ್ಕೆ ಹತ್ತು ಏರಿಸಿಕೊಂಡ ಕೂಲಿ ಮೂರು ತಿಂಗಳು ತಡವಾಗಿ ಬಂದರೆ ಏರಿದ್ದೆಲ್ಲ ಬಡ್ಡಿಗೆ ಹೋಗುತ್ತದೆ. ಎಷ್ಟು ಎಂಬುದಕ್ಕೆ ಹೊಡೆದಾಡಿ ಯಾವಾಗ ಎಂಬುದನ್ನು ಬಿಟ್ಟುಕೊಟ್ಟರೆ ಗೆದ್ದದ್ದು ಕೈಯಲ್ಲಿ ನಿಲ್ಲುವುದಿಲ್ಲ.

ಈಗ ಸಂಬಂಧದ ಮಾತಿಗೆ ಬರುತ್ತೇನೆ, ಏಕೆಂದರೆ ಎದುರು ಪಕ್ಷದ ಬಲವೆಲ್ಲ ಇರುವುದು ಅಲ್ಲಿ. ಕಂಬಂ, ಬೋಡಿ, ತೇನಿಯ ಸುತ್ತ ಕಾಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲಿಗ ಕುಟುಂಬಗಳಿವೆ. ಹೊರಗೆ ತಮಿಳು, ಮನೆಯೊಳಗೆ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕನ್ನಡ. ದೇವಾಂಗ ನೇಕಾರರಿದ್ದಾರೆ. ಇಂಥ ಸಮುದಾಯಗಳಲ್ಲಿ ಕೆಲಸ ಕೊಡುವವನೂ ಮಾಡುವವನೂ ಎಷ್ಟೋ ಸಲ ಒಂದೇ ಬಳಗದವರು, ಇಲ್ಲವೆ ಒಂದೇ ಗುಡಿಯ ಹಬ್ಬಕ್ಕೆ ಸೇರುವವರು. ಹೀಗಿರುವಾಗ ದಿನಾಂಕ ಹಾಕಿ ಬಿಲ್ಲು ಕೊಡುವುದೇ ಅವಮಾನ ಎನ್ನುತ್ತಾರೆ. ಮಾವನ ಮಗನಿಗೆ ನೋಟೀಸು ಕೊಡುತ್ತೀಯಾ ಎಂದು ಕೇಳುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಹೊರಗಿನ ಊರಿನಲ್ಲಿ ಬೇರೂರಿದ ಸಣ್ಣ ಭಾಷಾ ಸಮುದಾಯ ಒಬ್ಬರಿಗೊಬ್ಬರು ಆಸರೆಯಾಗಿಯೇ ಉಳಿದುಬಂದದ್ದು. ಬ್ಯಾಂಕು ಬಾಗಿಲು ತೆರೆಯದ ಕಾಲದಲ್ಲಿ ಬಳಗವೇ ಬ್ಯಾಂಕಾಗಿತ್ತು.

ಆದರೆ ಆ ಆಸರೆ ಎರಡೂ ದಿಕ್ಕಿಗೆ ಹರಿಯುತ್ತಿದೆಯೇ ಎಂದು ನೋಡಿ. ದಿಂಡಿಗಲ್ ಜಿಲ್ಲೆಯ ಚಿನ್ನಾಳಪಟ್ಟಿಯಂಥ ಮಗ್ಗದ ಊರುಗಳಲ್ಲಿ ಮೊದಲಿಂದ ಬಂದ ಏರ್ಪಾಡು ಇದು: ನೂಲು ಯಜಮಾನನದು, ಮಗ್ಗ ಮತ್ತು ಮೈದುಡಿಮೆ ನೇಕಾರನದು, ಸೀರೆಗೆ ಇಷ್ಟು ಎಂದು ಕೂಲಿ. ಮದುವೆಗೋ ಕಾಯಿಲೆಗೋ ನೇಕಾರ ಮುಂಗಡ ತೆಗೆದುಕೊಂಡರೆ ಅದು ಯಜಮಾನನ ಪುಸ್ತಕದಲ್ಲಿ ದಿನಾಂಕದೊಡನೆ ದಾಖಲಾಗುತ್ತದೆ. ಪ್ರತಿ ಸೀರೆಯ ಕೂಲಿಯಲ್ಲಿ ಇಷ್ಟಿಷ್ಟು ಮುರಿದುಕೊಳ್ಳಲಾಗುತ್ತದೆ. ಅದು ತೀರುವತನಕ ಅವನು ಬೇರೆ ಯಜಮಾನನ ನೂಲು ಮುಟ್ಟುವಂತಿಲ್ಲ. ಅದೇ ನೇಕಾರನಿಗೆ ಯಜಮಾನ ಕೂಲಿ ಬಾಕಿ ಇಟ್ಟರೆ? ಅದಕ್ಕೆ ಪುಸ್ತಕವಿಲ್ಲ, ಮುರಿತವಿಲ್ಲ, ಬಾಕಿ ಇಟ್ಟುಕೊಂಡ ಯಜಮಾನ ಬೇರೆ ನೇಕಾರನ ಬಳಿ ಹೋಗುವಂತಿಲ್ಲ ಎಂಬ ಕಟ್ಟೂ ಇಲ್ಲ. ಮೇಲಿನಿಂದ ಕೆಳಕ್ಕೆ ಬಂದ ಹಣ ಸಾಲವಾಗಿ ಎಣಿಕೆಗೆ ಬರುತ್ತದೆ, ಕೆಳಗಿನಿಂದ ಮೇಲಕ್ಕೆ ಹೋದದ್ದು ವಿಶ್ವಾಸವೆನಿಸಿಕೊಳ್ಳುತ್ತದೆ. ಬಳಗದ ಹೆಸರಿನಲ್ಲಿ ನಡೆಯುತ್ತಿರುವುದು ಇದಾದರೆ, ಬಳಗಕ್ಕೆ ಕೆಟ್ಟ ಹೆಸರು ತರುವವನು ಬಾಕಿ ಕೇಳಿದವನಲ್ಲ, ಉಳಿಸಿಕೊಂಡವನು.

ನಮ್ಮ ಕಣಿವೆಯಲ್ಲಿ ಬಾಯಿಮಾತೇ ಸಾಕು, ಕಾಗದಪತ್ರ ಬೇಕಿಲ್ಲ ಎನ್ನುವವರಿಗೆ ಒಂದು ಕಾಗದವನ್ನು ನೆನಪಿಸಬೇಕು. ಕಂಬಂ ಕಣಿವೆಯ ಗದ್ದೆ, ದ್ರಾಕ್ಷಿ, ಬಾಳೆ ಎಲ್ಲ ನಿಂತಿರುವುದು ಪೆರಿಯಾರಿನ ನೀರಿನ ಮೇಲೆ. ಪಶ್ಚಿಮಕ್ಕೆ ಹರಿಯುವ ಆ ನದಿಗೆ ಬ್ರಿಟಿಷ್ ಎಂಜಿನಿಯರ್ ಪೆನ್ನಿಕ್ವಿಕ್ ಕಟ್ಟಿದ ಅಣೆಕಟ್ಟು 1895ರಲ್ಲಿ ಮುಗಿಯಿತು. ಆ ನೀರು ಪೂರ್ವಕ್ಕೆ ತಿರುಗಿದ್ದು ಬಾಯಿಮಾತಿನಿಂದಲ್ಲ. 1886ರ ಅಕ್ಟೋಬರ್ 29ರಂದು ತಿರುವಾಂಕೂರಿನ ಮಹಾರಾಜರೂ ಬ್ರಿಟಿಷ್ ಸರ್ಕಾರವೂ 999 ವರ್ಷಗಳ ಗುತ್ತಿಗೆ ಪತ್ರ ಮಾಡಿಕೊಂಡರು. ಸುಮಾರು 8,000 ಎಕರೆಗೆ ತಲಾ 5 ರೂಪಾಯಿಯಂತೆ ವರ್ಷಕ್ಕೆ ಇಷ್ಟು ಎಂದು ಅದರಲ್ಲಿ ಬರೆದಿತ್ತು. 1970ರಲ್ಲಿ ಕೇರಳ, ತಮಿಳುನಾಡು ಮತ್ತೆ ಕೂತು ಆ ದರವನ್ನು 30 ರೂಪಾಯಿಗೆ ಏರಿಸಿ ಸಹಿ ಹಾಕಿದವು. ಅಣೆಕಟ್ಟಿನ ವಿಷಯದಲ್ಲಿ ಎರಡು ರಾಜ್ಯಗಳ ನಡುವೆ ಜಗಳ ಇಂದಿಗೂ ಇದೆ, ಆದರೆ ಜಗಳವಾಡುವುದಕ್ಕೂ ಒಂದು ಪತ್ರವಿದೆ. ಮಹಾರಾಜರಿಗೇ ಮೊತ್ತ, ಅವಧಿ ಬರೆದುಕೊಳ್ಳುವುದು ಅವಮಾನವಾಗಲಿಲ್ಲ. ಬರೆದ ಶರತ್ತಿನ ಮೇಲೆ ಬಂದ ನೀರನ್ನು ಕುಡಿದು ಬೆಳೆದ ಕಣಿವೆಯಲ್ಲಿ ಕೂತು, ಬರಹ ಕೇಳುವವನು ನಂಬಿಕೆಗೆಟ್ಟವನು ಎಂದು ಹೇಳಲು ಬರುವುದಿಲ್ಲ.

ಇನ್ನೊಂದು ಸಮರ್ಥನೆ ಸರಪಣಿಯದು. ನನಗೇ ಬಂದಿಲ್ಲ, ನಿನಗೆ ಎಲ್ಲಿಂದ ಕೊಡಲಿ? ಬೆಳೆಗಾರನಿಗೆ ವರ್ತಕ ಕೊಡಬೇಕು, ವರ್ತಕನಿಗೆ ಉತ್ತರದ ಮಂಡಿಯವನು ಕೊಡಬೇಕು. ಬೋಡಿಯಲ್ಲಿ ಮತ್ತು ಇಡುಕ್ಕಿಯ ಪುಟ್ಟಡಿಯಲ್ಲಿ ಸ್ಪೈಸಸ್ ಬೋರ್ಡ್ ಕಂಪ್ಯೂಟರ್ ಹರಾಜು ತಂದಿದೆ. ಪರವಾನಗಿಯಿಲ್ಲದೆ ಅಲ್ಲಿ ಯಾರೂ ಹರಾಜು ನಡೆಸುವಂತಿಲ್ಲ. ಅಷ್ಟಿದ್ದೂ ಹರಾಜಿನ ಹಣ ತಡವಾಗಿ ಕೈಸೇರುತ್ತದೆ ಎಂಬ ಬೆಳೆಗಾರರ ದೂರು ಹೊಸದಲ್ಲ. ಆದ್ದರಿಂದ ಬೆಳೆಗಾರನೂ ಕಾಯುತ್ತಾನೆ ಎಂಬುದನ್ನು ಒಪ್ಪುತ್ತೇನೆ. ಒಪ್ಪದಿರುವುದು ಅದರಿಂದ ತೆಗೆಯುವ ತೀರ್ಮಾನವನ್ನು. ಸರಪಣಿಯಲ್ಲಿ ಮೇಲಿರುವವನಿಗೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಇದೆ, ಗೋದಾಮಿನ ಮಾಲಿನ ಮೇಲೆ ಸಾಲ ಸಿಗುತ್ತದೆ. ತೋಟದವನಿಗೆ ಪಹಣಿ ಇದೆ, ಒಡವೆ ಇದೆ, ಸೊಸೈಟಿ ಇದೆ. ತೀರಾ ಕೆಳಗಿರುವ ಜೀಪಿನವನಿಗೆ ಏನಿದೆ? ಬೆಳಗಿನ ಜಾವ ಹೆಣ್ಣಾಳುಗಳನ್ನು ತುಂಬಿಕೊಂಡು ಘಟ್ಟ ಹತ್ತಿ ಸಂಜೆ ಇಳಿಸುವ ಅವನಿಗೆ ಬಂಕಿನಲ್ಲಿ ಡೀಸೆಲ್ ನಗದಿಗೆ. ಫೈನಾನ್ಸಿನವನಿಗೆ ತಿಂಗಳ ಕಂತು ತಾರೀಖಿಗೆ ಸರಿಯಾಗಿ ಬೇಕು, ತಪ್ಪಿದರೆ ಗಾಡಿಯನ್ನೇ ಎಳೆದೊಯ್ಯುತ್ತಾರೆ. ಇನ್ಶೂರೆನ್ಸಿಗೆ ತಾರೀಖು ಇದೆ, ಎಫ್‌ಸಿಗೆ ತಾರೀಖು ಇದೆ. ಅವನು ಕೊಡಬೇಕಾದ ಪ್ರತಿಯೊಂದಕ್ಕೂ ತಾರೀಖು ಇದ್ದು, ಅವನಿಗೆ ಬರಬೇಕಾದ ಬಾಡಿಗೆಗೆ ಮಾತ್ರ ಇಲ್ಲ. ಸಾಲ ಹುಟ್ಟುವ ದಾರಿ ಯಾರಿಗೆ ಎಲ್ಲರಿಗಿಂತ ಕಡಿಮೆಯೋ ಅವನಿಂದಲೇ ಎಲ್ಲರಿಗಿಂತ ದೀರ್ಘ ಸಾಲ ಎತ್ತುವುದನ್ನು ಸರಪಣಿಯ ನಿಯಮ ಎಂದು ಒಪ್ಪಿಕೊಳ್ಳಲಾರೆ.

ಬೆಲೆ ಬಿದ್ದಿದೆ ಎಂಬ ಕಾರಣವೂ ಹೀಗೆಯೇ. ಏಲಕ್ಕಿ 2019ರ ಆಗಸ್ಟಿನಲ್ಲಿ ಹರಾಜಿನಲ್ಲಿ ಕಿಲೋಗೆ 7,000 ರೂಪಾಯಿ ಮುಟ್ಟಿ ದಾಖಲೆ ಬರೆಯಿತು. ಎರಡು ವರ್ಷದೊಳಗೆ ಸಾವಿರದ ಆಸುಪಾಸಿಗೆ ಕುಸಿಯಿತು. ಬಿದ್ದ ವರ್ಷ ಮೆಕ್ಯಾನಿಕ್ಕಿಗೆ, ಜೀಪಿನವನಿಗೆ ಕಷ್ಟ ಹೇಳಿಕೊಂಡು ಬಾಕಿ ಮುಂದೂಡುವುದು ಸುಲಭ. ಏರಿದ ವರ್ಷ ಬೇರಿಂಗ್ ಹಾಕಿದ್ದಕ್ಕೆ ಅದೇ ಕೂಲಿ, ಘಟ್ಟ ಹತ್ತಿದ್ದಕ್ಕೆ ಅದೇ ಬಾಡಿಗೆ. ಲಾಭದಲ್ಲಿ ಪಾಲು ಸಿಗದವನನ್ನು ನಷ್ಟದಲ್ಲಿ ಪಾಲುದಾರನಾಗು ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಇಷ್ಟು ಹೇಳಿದ ಮೇಲೆ ಓದಿದವರು ಒಂದು ಮಾತು ತೆಗೆಯುತ್ತಾರೆ: ಕಾನೂನು ಇದೆಯಲ್ಲ, ದೂರು ಕೊಡಲಿ. ಹೌದು, ಇದೆ, ಮತ್ತು ಬರಹದಲ್ಲಿ ಅದು ಬಲವಾಗಿಯೇ ಇದೆ. 1993ರಲ್ಲೇ ಸಣ್ಣ ಕೈಗಾರಿಕೆಗಳ ತಡವಾದ ಪಾವತಿಗೆ ಬಡ್ಡಿ ವಿಧಿಸುವ ಕಾಯ್ದೆ ಬಂತು. ಅದರ ಜಾಗಕ್ಕೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಬಂತು. ಸೂಕ್ಷ್ಮ ಅಥವಾ ಸಣ್ಣ ಉದ್ಯಮ ಮಾಲು ಕೊಟ್ಟರೆ, ಸೇವೆ ಮಾಡಿದರೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ ಗಡುವು 15 ದಿನ. ಕೆಲಸದಲ್ಲಿ ಕೊರತೆಯಿದ್ದರೆ ಹದಿನೈದು ದಿನದೊಳಗೆ ಬರಹದಲ್ಲಿ ಹೇಳಬೇಕು, ಹೇಳದಿದ್ದರೆ ಒಪ್ಪಿದಂತೆ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2024ರಲ್ಲಿ ಬ್ಯಾಂಕ್ ದರ 6.75 ಇತ್ತು, ಎಂದರೆ ಬಡ್ಡಿ ವರ್ಷಕ್ಕೆ ನೂರಕ್ಕೆ 20.25. ಕೊಡಲು ನಿರಾಕರಿಸಿದರೆ ರಾಜ್ಯದ ಸೌಲಭ್ಯ ಮಂಡಳಿಯ ಮುಂದೆ ಹೋಗಬಹುದು. ಮಂಡಳಿ 90 ದಿನದಲ್ಲಿ ತೀರ್ಮಾನಿಸಬೇಕು. ತೀರ್ಪನ್ನು ಪ್ರಶ್ನಿಸಬೇಕಾದರೆ ಖರೀದಿದಾರ ಮೊತ್ತದ ನೂರಕ್ಕೆ 75ನ್ನು ಮೊದಲು ಕಟ್ಟಬೇಕು. 2017ರಲ್ಲಿ ದೂರು ಕೊಡಲು ‘ಸಮಾಧಾನ್’ ಎಂಬ ಆನ್‌ಲೈನ್ ವ್ಯವಸ್ಥೆಯೂ ಬಂತು.

90 ದಿನ ಎಂಬುದು ಕಾಗದದ ಮೇಲಿನ 90 ದಿನ ಎಂದು ಮಂಡಳಿಯ ಮೆಟ್ಟಿಲು ಹತ್ತಿದವರಿಗೆ ಗೊತ್ತು. ಅದು ಹಾಗಿರಲಿ. ಅದಕ್ಕಿಂತ ದೊಡ್ಡ ತೊಡಕು ಎಂದರೆ ಬೋಡಿಯ ಮೆಕ್ಯಾನಿಕ್ ಮೊದಲು ‘ಉದ್ಯಮ್’ ನೋಂದಣಿ ಮಾಡಿಸಿರಬೇಕು. ಅದು ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು, ಆದರೂ ಅವನಿಗೆ ಅದನ್ನು ಹೇಳಿದವರಿಲ್ಲ. ಕೊಂಡು ಮಾರುವ ಸಣ್ಣ ವ್ಯಾಪಾರಿಗೆ ನೋಂದಣಿ ಇದ್ದರೂ ಈ ರಕ್ಷಣೆ ಸಿಗದು. ಕಟ್ಟಡ, ರಸ್ತೆಯ ಗುತ್ತಿಗೆ ಕೆಲಸ ಈ ಕಾಯ್ದೆಯ ಒಳಗೆ ಬರುವುದಿಲ್ಲ ಎಂದು ಹಲವು ತೀರ್ಪುಗಳಾಗಿವೆ. ಎಲ್ಲಕ್ಕಿಂತ ಮೇಲೆ, ದೂರು ಕೊಡುವವನು ತನ್ನ ಹೆಸರಿನಲ್ಲೇ, ತನಗೆ ನಾಳೆ ಕೆಲಸ ಕೊಡಬೇಕಾದವನ ಮೇಲೇ ಕೊಡಬೇಕು. ಬೋಡಿ ದೊಡ್ಡ ಊರಲ್ಲ. ಬೆಳಿಗ್ಗೆ ಕೊಟ್ಟ ದೂರು ಸಂಜೆಯೊಳಗೆ ಟೀ ಅಂಗಡಿಯಲ್ಲಿ ಚರ್ಚೆಗೆ ಬರುತ್ತದೆ, ಮರುದಿನದಿಂದ ಉಳಿದ ಮೊದಲಾಳಿಗಳ ಫೋನೂ ನಿಲ್ಲುತ್ತದೆ. ಇದೆಲ್ಲ ತಿಳಿದೂ ದೂರು ಕೊಡಲಿ ಎಂದು ಕೈತೊಳೆದುಕೊಳ್ಳುವುದು ನ್ಯಾಯದ ಮಾತಲ್ಲ.

ಸರ್ಕಾರವಾದರೂ ಒಂದೇ ಮಾತಿನಲ್ಲಿ ನಿಂತಿದೆಯೇ? ಬೆಂಗಳೂರಿನಲ್ಲಿ ಕೂತು ಕಂಪನಿಗಳಿಗೆ ವಿನ್ಯಾಸವನ್ನೋ ಅನುವಾದವನ್ನೋ ಮಾಡಿಕೊಡುವ, ಜಿಎಸ್‌ಟಿ ನೋಂದಣಿ ಇರುವ ಒಬ್ಬರನ್ನು ತೆಗೆದುಕೊಳ್ಳಿ. ಒಂದು ಲಕ್ಷದ ಬಿಲ್ಲಿಗೆ 18,000 ತೆರಿಗೆ ಸೇರಿಸಿ ಬರೆದರು. ಕಂಪನಿ ಇನ್ನೂ ಒಂದು ರೂಪಾಯಿ ಕೊಟ್ಟಿಲ್ಲ. ಆದರೂ ಮುಂದಿನ ತಿಂಗಳು ಆ 18,000ವನ್ನು ಇವರು ತಮ್ಮ ಕೈಯಿಂದ ಸರ್ಕಾರಕ್ಕೆ ಕಟ್ಟಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 18ರಂತೆ ಬಡ್ಡಿ. ಅದೇ 18,000ವನ್ನು ಕಂಪನಿ ತನ್ನ ತೆರಿಗೆಯಲ್ಲಿ ಹೂಡುವಳಿ ತೆರಿಗೆ ಜಮೆಯಾಗಿ ಮುರಿದುಕೊಳ್ಳಬಹುದು. ಬಿಲ್ಲು ಪಾವತಿಸದೆ 180 ದಿನ ಕಳೆದರೆ ಮಾತ್ರ ಅದನ್ನು ವಾಪಸು ಮಾಡಬೇಕು. ಒಂದು ಕಾಯ್ದೆ 45 ದಿನ ಎನ್ನುತ್ತದೆ, ಇನ್ನೊಂದು 180 ದಿನದವರೆಗೆ ಕಣ್ಣುಮುಚ್ಚಿಕೊಂಡಿರುತ್ತದೆ. ಕಂಪನಿಗಳ ಲೆಕ್ಕ ವಿಭಾಗದವರು ಯಾವುದನ್ನು ನೆನಪಿಟ್ಟುಕೊಳ್ಳುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. ಬಾರದ ದುಡ್ಡಿಗೆ ತೆರಿಗೆ ಕಟ್ಟಿಸಿಕೊಳ್ಳುವ ಈ ಏರ್ಪಾಡು ಅನ್ಯಾಯ, ಇದನ್ನು ಬದಲಿಸದೆ ಸಣ್ಣವರ ಪರ ಎಂದು ಹೇಳಿಕೊಳ್ಳಲು ಯಾವ ಸರ್ಕಾರಕ್ಕೂ ಬಾಯಿಲ್ಲ.

ಒಮ್ಮೆ ಮಾತ್ರ ಸರ್ಕಾರ ಸರಿಯಾದ ಜಾಗಕ್ಕೆ ಕೈಹಾಕಿತು. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯ 43ಬಿ ಕಲಮಿಗೆ ಒಂದು ಸಾಲು ಸೇರಿಸಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮದ ಬಿಲ್ಲನ್ನು ಗಡುವಿನೊಳಗೆ ಕೊಡದೆ ವರ್ಷದ ಕೊನೆಗೂ ಬಾಕಿ ಇಟ್ಟರೆ, ಖರೀದಿದಾರ ಆ ವರ್ಷ ಅದನ್ನು ಖರ್ಚು ಎಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ. 2024ರ ಏಪ್ರಿಲ್ 1ರಿಂದ ಇದು ಜಾರಿಗೆ ಬಂತು. ಇಲ್ಲಿ ಯಾರೂ ದೂರು ಕೊಡಬೇಕಿಲ್ಲ, ತಡ ಮಾಡಿದವನಿಗೆ ತಾನಾಗಿಯೇ ಬಿಸಿ ತಟ್ಟುತ್ತದೆ. ತಟ್ಟಿತು ಕೂಡ. ಜವಳಿ ಪೇಟೆಗಳಿಂದ ದೊಡ್ಡ ಗದ್ದಲವೆದ್ದಿತು, ನಿಯಮ ಮುಂದೂಡಿ ಎಂಬ ಮನವಿಗಳು ಹೋದವು. ಅಷ್ಟು ಬೇಗ ಕೊಟ್ಟರೆ ವ್ಯಾಪಾರವೇ ನಿಲ್ಲುತ್ತದೆ ಎಂದರು. ಆ ಗದ್ದಲವೇ ನನ್ನ ವಾದಕ್ಕೆ ಸಾಕ್ಷಿ. 45 ದಿನದಲ್ಲಿ ಕೊಡಿ ಎಂದರೆ ನಿಂತುಹೋಗುವ ವ್ಯಾಪಾರ ಅಲ್ಲಿಯವರೆಗೆ ನಡೆಯುತ್ತಿದ್ದದ್ದು ಯಾರ ಬಂಡವಾಳದ ಮೇಲೆ? ಸಣ್ಣವನ ಬಂಡವಾಳದ ಮೇಲೆ, ಅವನ ಹೆಂಡತಿಯ ಒತ್ತೆಯಿಟ್ಟ ಸರದ ಮೇಲೆ.

ಕರ್ನಾಟಕದವರು ಇದನ್ನು ಪಕ್ಕದ ರಾಜ್ಯದ ಕಥೆ ಎಂದು ಓದಬಾರದು. ಕಬ್ಬು ಕಡಿದು ಕಾರ್ಖಾನೆಗೆ ಹಾಕಿದ 14 ದಿನದಲ್ಲಿ ರೈತನಿಗೆ ದುಡ್ಡು, ತಪ್ಪಿದರೆ ನೂರಕ್ಕೆ 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ರೈತರು ಬಾಕಿಗಾಗಿ ಎಷ್ಟು ಸಲ ರಸ್ತೆಗಿಳಿದಿದ್ದಾರೆ ಎಂಬುದನ್ನು ನಾವು ಕಂಡಿದ್ದೇವೆ. ರಾಜ್ಯದ ಗುತ್ತಿಗೆದಾರರ ಬಾಕಿ ಸಾವಿರಾರು ಕೋಟಿ ಎಂದು ಅವರ ಸಂಘ ಸರ್ಕಾರ ಬದಲಾದರೂ ಹೇಳುತ್ತಲೇ ಬಂದಿದೆ. 2022ರ ಏಪ್ರಿಲ್‌ನಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಉಡುಪಿಯ ವಸತಿಗೃಹದಲ್ಲಿ ಸತ್ತರು. ಹಿಂಡಲಗಾದಲ್ಲಿ ಮಾಡಿದ ಸುಮಾರು 4 ಕೋಟಿಯ ಕೆಲಸದ ಹಣ ಬಂದಿಲ್ಲ ಎಂದು ಅವರು ಹೇಳುತ್ತಿದ್ದರು, ಕಾರ್ಯಾದೇಶವೇ ಇರಲಿಲ್ಲ ಎಂದು ಸರ್ಕಾರ ಹೇಳಿತು. ಆ ಪ್ರಕರಣದ ರಾಜಕೀಯಕ್ಕೆ ನಾನು ಹೋಗುವುದಿಲ್ಲ. ಕಾರ್ಯಾದೇಶ ಆಮೇಲೆ ಬರುತ್ತದೆ, ಮೊದಲು ಕೆಲಸ ಶುರು ಮಾಡು ಎಂಬ ಪದ್ಧತಿ ಎಲ್ಲ ಕಡೆ ಇದೆ ಎಂಬುದಂತೂ ಎಲ್ಲರಿಗೂ ಗೊತ್ತಿರುವ ಸಂಗತಿ. ಬಾಯಿಮಾತಿನ ವಿಶ್ವಾಸ ಎಂದು ನಾವು ಹೊಗಳುವುದು ಇದನ್ನೇ.

ಹೊರದೇಶಗಳು ಈ ಪ್ರಶ್ನೆಯನ್ನು ಬಗೆಹರಿಸಿದ ರೀತಿ ನೋಡಿ. ಬ್ರಿಟನ್ 1998ರಲ್ಲೇ ತಡವಾದ ವ್ಯಾಪಾರಿ ಬಾಕಿಗೆ ಬಡ್ಡಿಯ ಕಾನೂನು ಮಾಡಿತು. ನ್ಯೂಯಾರ್ಕ್ ನಗರ 2017ರಲ್ಲಿ ಸ್ವತಂತ್ರ ದುಡಿಮೆಗಾರರಿಗೆಂದೇ ಕಾನೂನು ತಂದಿತು. 800 ಡಾಲರಿಗೆ ಮುಟ್ಟುವ ಕೆಲಸಕ್ಕೆಲ್ಲ ಬರಹದ ಒಪ್ಪಂದ ಕಡ್ಡಾಯ, ದಿನಾಂಕ ಹೇಳದಿದ್ದರೆ ಕೆಲಸ ಮುಗಿದ 30 ದಿನದಲ್ಲಿ ಹಣ, ಕೇಳಿದ್ದಕ್ಕೆ ಸೇಡು ತೀರಿಸಿಕೊಂಡರೆ ಅದು ಬೇರೆಯೇ ಉಲ್ಲಂಘನೆ. ಆ ಕೊನೆಯ ಮಾತು ನಮಗೆ ಬೇಕಾದದ್ದು. ನಮ್ಮ ಕಾನೂನು ಬಡ್ಡಿಯನ್ನು ಬರೆದಿದೆ, ಭಯವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ದುಡಿದವನ ಪರವಾಗಿ ಅವನ ಸಂಘ ದೂರು ಕೊಡುವಂತಾಗಬೇಕು, ಕೊಟ್ಟವನಿಂದ ಕೆಲಸ ಕಿತ್ತುಕೊಂಡರೆ ದಂಡ ಬೀಳಬೇಕು, ಹಣ ಕೈಗೆ ಬಂದ ಮೇಲೆ ಜಿಎಸ್‌ಟಿ ಕಟ್ಟುವ ಅನುಕೂಲ ಸಣ್ಣವರಿಗೆ ಸಿಗಬೇಕು. ಮೆಕ್ಯಾನಿಕ್ಕುಗಳ, ಜೀಪಿನವರ, ನೇಕಾರರ ಸಂಘಗಳು ಮುಂದಿನ ಸಲ ದರದ ಮಾತುಕತೆಗೆ ಕೂತಾಗ ಪಾವತಿಯ ದಿನವನ್ನೂ ಒಪ್ಪಂದದಲ್ಲಿ ಬರೆಸಲಿ. ಒಬ್ಬನೇ ಕೇಳಿದರೆ ಕೆಲಸ ಹೋಗುತ್ತದೆ, ಇಡೀ ಊರಿನ ಜೀಪುಗಳು ಒಟ್ಟಿಗೆ ಕೇಳಿದರೆ ತೋಟಕ್ಕೆ ಆಳು ಹತ್ತುವುದಿಲ್ಲ.

ಇದನ್ನು ಓದುತ್ತಿರುವ ನೀವು ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ನಮ್ಮಲ್ಲಿ ಬಹಳ ಜನ ಒಂದಲ್ಲ ಒಂದು ಕಡೆ ಕೊಡಬೇಕಾದವರೇ. ಮನೆಗೆ ಬಣ್ಣ ಹೊಡೆದವರ ಉಳಿಕೆ, ಮದುವೆಗೆ ಫೋಟೊ ತೆಗೆದವರ ಕೊನೆಯ ಕಂತು, ಕಚೇರಿಗೆ ವೈರಿಂಗ್ ಮಾಡಿಕೊಟ್ಟವರ ಬಿಲ್ಲು, ಸಂಘದ ಸಂಚಿಕೆಗೆ ಕರಡು ತಿದ್ದಿಕೊಟ್ಟವರ ಸಂಭಾವನೆ, ಯಾವುದು ನಿಮ್ಮಲ್ಲಿ ಬಾಕಿ ಇದೆ ಎಂದು ಇವತ್ತೇ ನೋಡಿ. ಅವರು ಮತ್ತೆ ಫೋನು ಮಾಡುವ ಮೊದಲು, ಈ ವಾರವೇ, ಪೂರ್ತಿ ಕೊಟ್ಟುಬಿಡಿ.